ಕಾಲು ನೀರಿನಲ್ಲಿರುವಾಗ ಕೇಳಬಾರದ ಪ್ರಶ್ನೆ

ಕ್ಯಾಂಪಿನ ನನ್ನ ಮನೆಯಿಂದ ಬೆಳಗಾವಿ ಸ್ಟೇಷನ್ನಿಗೆ ಆಟೋದವನು ಎಂಬತ್ತು ರೂಪಾಯಿ ತೆಗೆದುಕೊಂಡ. ಅಲ್ಲಿಂದ ಖಾನಾಪುರದವರೆಗೆ ಪ್ಯಾಸೆಂಜರ್ ಗಾಡಿಗೆ ಬರೀ ಹತ್ತು. ನವೆಂಬರಿನ ಚಳಿ. ಸ್ವೆಟರಿನ ಮೇಲೆ ಶಾಲು ಹೊದ್ದು, ಸಿಹಿ ಕುಂದಾದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತೆ. ಆ ಸೀಟು ಯಾವಾಗಲೂ ಗೆಳತಿ ಸ್ಟೆಲ್ಲಾಳದು. ಅವಳು ತೀರಿಹೋಗಿ ಎರಡು ಮಳೆಗಾಲ ಕಳೆದವು. ನಾನು ಆ ಕಡೆಗೆ ಹೊರಟದ್ದು ಅಂದಿನಿಂದ ಇದೇ ಮೊದಲು.

ದೇಸೂರಿನಲ್ಲಿ ಗಾಡಿ ಕ್ರಾಸಿಂಗಿಗೆ ನಿಂತಿತು. ಭತ್ತ ಕೊಯ್ದ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಎದುರಿಗಿದ್ದ ಹೆಂಗಸು ಮರಾಠಿಯಲ್ಲಿ ಏನೋ ಕೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದಳು: "ಒಬ್ಬಾಕಿನ ಹೊಂಟೀರೇನ್ರಿ ಆಯಿ? ಬಳಗ ಐತೇನು ಅಲ್ಲಿ?"

"ಐತವ್ವಾ, ಇದ್ದಾರ," ಎಂದೆ. ಸುಳ್ಳೇನಲ್ಲ.

ಸ್ಟೆಲ್ಲಾ ಮತ್ತು ನಾನು ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಅವಳು ನರ್ಸ್ ಆದಳು, ನಾನು ಟೀಚರ್. ಶನಿವಾರ ಮಧ್ಯಾಹ್ನ ನನ್ನ ಶಾಲೆ ಬಿಟ್ಟ ಕೂಡಲೇ ಇಬ್ಬರೂ ಖಾನಾಪುರದ ಮಿಷನ್ ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಕುಷ್ಠರೋಗ ವಾಸಿಯಾದರೂ ಕಾಲಿನ ಜೋಮು ಹೋಗುವುದಿಲ್ಲ; ಮುಳ್ಳು ಚುಚ್ಚಿದರೂ ತಿಳಿಯದೆ ಹುಣ್ಣಾಗುತ್ತದೆ. ಅದಕ್ಕೇ ವರಾಂಡದಲ್ಲಿ ಸಾಲಾಗಿ ಬೋಗುಣಿಗಳನ್ನಿಟ್ಟು ಎಲ್ಲರ ಕಾಲನ್ನೂ ನೀರಿನಲ್ಲಿ ನೆನೆಸಬೇಕು, ದಪ್ಪ ಚರ್ಮ ಉಜ್ಜಬೇಕು, ಎಣ್ಣೆ ಹಚ್ಚಬೇಕು. ನೆನೆಯುವಷ್ಟು ಹೊತ್ತು ಅವರಿಗೆ ಯೇಸುಸ್ವಾಮಿಯ ಕಥೆ ಹೇಳುವುದು ನನ್ನ ಡ್ಯೂಟಿ.

ಆತ್ಮ ಮೊದಲು ಎನ್ನುವ ಪಾದ್ರಿಗಳು ಬಂದು ಹೋದರು, ಔಷಧ ಸಾಕು ಎನ್ನುವ ಕಮಿಟಿಯವರೂ ಬಂದು ಹೋದರು. ಸ್ಟೆಲ್ಲಾ ಇಬ್ಬರಿಗೂ ಚಹಾ ಕೊಟ್ಟು ಕಳಿಸಿ ತನ್ನ ಕೆಲಸ ತಾನು ನೋಡುತ್ತಿದ್ದಳು. ಆದರೆ ನನಗೊಂದು ಸ್ಟ್ರಿಕ್ಟ್ ರೂಲ್ ಹಾಕಿದ್ದಳು: "ಕಥಿ ಬೇಕಾದಷ್ಟು ಹೇಳು. ನಂಬತೀರೇನು ಅಂತ ಮಾತ್ರ ಕೇಳಬ್ಯಾಡ. ಕಾಲು ನೀರಾಗ ಇಟ್ಟಾವ್ರು ಎದ್ದು ಹೋಗಾಕ ಆಗೂದಿಲ್ಲ ನೋಡು." ನಾನು ಎಂದೂ ಕೇಳಲಿಲ್ಲ. ಆದರೆ ಆ ಪ್ರಶ್ನೆ ಇಷ್ಟು ವರ್ಷವೂ ನನ್ನ ಗಂಟಲಲ್ಲೇ ಇತ್ತು. ಹೇಳಿದ ಕಥೆ ಒಬ್ಬರ ಎದೆಗಾದರೂ ಇಳಿಯಿತೋ ಇಲ್ಲವೋ? ಸಾಯುವ ಮುಂಚೆ ಅದೊಂದು ತಿಳಿಯಬೇಕಿತ್ತು.

ಖಾನಾಪುರದಲ್ಲಿ ಇಳಿದು ಸ್ಟೇಷನ್ ಹೊರಗೆ ಚಹಾ ಕುಡಿದೆ. ಟಂಟಂ ಆಟೋದಲ್ಲಿ ಮಿರ್ಚಿ ಚೀಲಗಳ ಜೊತೆ ನನ್ನನ್ನೂ ತುರುಕಿದರು, ಇಪ್ಪತ್ತು ರೂಪಾಯಿ. ಕ್ಲಿನಿಕ್ಕಿನ ಹೆಂಚು ಹಾಗೇ ಇತ್ತು. ಎನಾಮಲ್ ಬೋಗುಣಿ ಹೋಗಿ ನೀಲಿ ಪ್ಲಾಸ್ಟಿಕ್ ಟಬ್ಬು ಬಂದಿದ್ದವು. ಹೊಸ ನರ್ಸ್ ರೇಷ್ಮಾ ನನ್ನ ಕೈ ಹಿಡಿದು ಕೂರಿಸಿ, ದನಿ ತಗ್ಗಿಸಿದಳು.

"ಆಂಟಿ, ತಪ್ಪು ತಿಳಕೋಬ್ಯಾಡ್ರಿ. ಈಗ ಕಥಿ ಬ್ಯಾಡ್ರಿ. ಯಾರರ ವಿಡಿಯೋ ಮಾಡಿ, ಮತಾಂತರ ಅಂತ ಹಾಕಿದ್ರಂದ್ರ ಕ್ಲಿನಿಕ್ಕ ಬಂದ್ ಆಗತೈತಿ. ಇವ್ರ ಕಾಲು ಯಾರು ನೋಡಬೇಕ್ರಿ?"

ಆಯಿತು ಎಂದು ಮಾತು ಕೊಟ್ಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಕಥೆಯನ್ನು ನುಂಗಿ, ಕುಂದಾ ಹಂಚಿದೆ. ಏಳೆಂಟು ಜನ ಟಬ್ಬಿನಲ್ಲಿ ಕಾಲಿಟ್ಟು ಕುಳಿತಿದ್ದರು. ಯಾರದೋ ಮೊಬೈಲಿನಲ್ಲಿ ಕಾಮಿಡಿ ವಿಡಿಯೋ ಒಂದೇ ಸಮನೆ ನಗುತ್ತಿತ್ತು.

ಕೊನೆಯ ಟಬ್ಬಿನ ಮುದುಕ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದ. ಭೀಮಪ್ಪ! ಮೊದಲು ಕುರಿ ಕಾಯುತ್ತಿದ್ದವನು. ತಪ್ಪಿಸಿಕೊಂಡ ಕುರಿಯ ಕಥೆ ಹೇಳಿದಾಗಲೆಲ್ಲ ನನ್ನೊಂದಿಗೆ ಜಗಳಕ್ಕೆ ಬರುತ್ತಿದ್ದವನೂ ಇವನೇ.

"ಏನ್ರಿ ಅಕ್ಕೋರ, ಆ ಕುರಿ ಸಿಕ್ತೇನ್ರಿ?"

ನಾನು ರೇಷ್ಮಾಳ ಕಡೆ ನೋಡಿದೆ. ಪಕ್ಕದ ಗಂಗವ್ವ ಗದರಿದಳು: "ಏ ಮುದುಕಾ, ಸುಮ್ಕ ಕುಂದರ. ಕಥಿ ಹೇಳಬಾರದಂತ."

"ಅದು ಅಕ್ಕೋರಿಗೆ. ನನಗ್ಯಾರೂ ಅಂದಿಲ್ಲ," ಎಂದ ಭೀಮಪ್ಪ, ಶುರು ಮಾಡಿಯೇ ಬಿಟ್ಟ. "ಒಬ್ಬ ಕುರುಬ ಇದ್ದ. ನೂರು ಕುರಿ. ಒಂದು ಎತ್ತಾಗೋ ಹೋತು. ಈ ಹುಚ್ಚಪ್ಯಾಲಿ ತೊಂಬತ್ತೊಂಬತ್ತು ಕುರಿ ಅಡವ್ಯಾಗ ಬಿಟ್ಟು ಅದೊಂದನ್ನ ಹುಡುಕಾಕ ಹೋದ. ಚಿರತಿ ಸುಮ್ನಿರತೈತೇನ್ರಿ?"

"ನಿನಕಿಂತಾ ಹುಚ್ಚ ಇದ್ನೇನೋ?" ಎಂದಳು ಗಂಗವ್ವ. ಎಲ್ಲರೂ ನಕ್ಕರು. ಮೊಬೈಲು ಬಂದ್ ಆಯಿತು. ರೇಷ್ಮಾ ತಲೆ ತಗ್ಗಿಸಿ ಇನ್ನೊಬ್ಬರ ಹಿಮ್ಮಡಿ ಉಜ್ಜುತ್ತಲೇ ಇದ್ದಳು. ಅವಳ ಭುಜ ನಗೆಯಿಂದ ಅಲುಗುತ್ತಿತ್ತು.

ಸಂಜೆ ಭೀಮಪ್ಪ ಸ್ಟೇಷನ್ನಿಗೆ ನನ್ನ ಜೊತೆಯೇ ಬಂದ. ಅವನ ಮನೆ ಸ್ಟೇಷನ್ನಿನ ಕಡೆಗೇ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು, ಎಣ್ಣೆ ಹಚ್ಚಿದ ಎರಡೂ ಪಾದಗಳನ್ನು ಮುಂದೆ ಚಾಚಿದ.

"ಕೇಳ್ರಿ ಈಗ. ಕಾಲು ಒಣಗ್ಯಾವು."

ನಾನು ಬೆಚ್ಚಿದೆ. "ನಿನಗ ಹ್ಯಾಂಗ ಗೊತ್ತು?"

"ಸ್ಟೆಲ್ಲಾಬಾಯಾರು ನಿಮಗ ಬೈದದ್ದು ಇಡೀ ವರಾಂಡಕ್ಕ ಕೇಳಿತ್ತಲ್ರಿ."

ಹಾಗಾದರೆ ಇಷ್ಟು ವರ್ಷವೂ ಕಾದಿದ್ದ! ಕೇಳಿದೆ. "ಆ ಕಥಿ ನಂಬತೀಯೇನು, ಭೀಮಪ್ಪಾ?"

ಅವನು ಹಳಿಗಳ ಕಡೆ ನೋಡಿದ. "ಹುಣ್ಣು ನಾರಾಕ ಹತ್ತಿದಾಗ ನಾ ನಾಚಿಕಿಪಟ್ಟು ಕಣಕುಂಬಿ ಅಡವಿಗೆ ಓಡಿಹೋಗಿದ್ನಿ. ನೆನಪೈತೇನ್ರಿ? ಸ್ಟೆಲ್ಲಾಬಾಯಾರು ಹುಡುಕ್ಕೊಂತ ಅಲ್ಲೀತನಕ ಬಂದ್ರು. ಅವತ್ತ ಇಲ್ಲಿ ಎಲ್ಲಾರೂ ನೀರಾಗ ಕಾಲಿಟ್ಟು ಕುಂತಿದ್ರಂತ. ಹಂಗ ಬಿಟ್ಟು ಬಂದಾರ. ಕಥಿ ಖರೇನೋ ಸುಳ್ಳೋ, ನನಗ ತಿಳಿಯಂಗಿಲ್ರಿ. ಮನ್ಯಾಗ ನಮ್ಮ ದೇವರು ಬೀರಪ್ಪ ಅದಾನ. ಆದ್ರ ಅಂಥಾದ್ದು ಒಂದ ಸಲ ಆಗಿದ್ದು ನಾ ಕಂಡೀನಿ."

ಗಾಡಿಯ ಸದ್ದು ಕೇಳಿಸಿತು. ಅವನು ನನ್ನ ಚೀಲ ಎತ್ತಿ ಕೊಟ್ಟ. "ಒಂದು ತಿಳಿದಿರಲಿಲ್ರಿ. ಉಳಿದ ತೊಂಬತ್ತೊಂಬತ್ತು ಯಾರು ಕಾಯ್ತಾರ ಅಂತ ನಿಮ್ಮ ಕೂಡ ಜಗಳಾ ಮಾಡ್ತಿದ್ನಲ್ರಿ? ಆಮ್ಯಾಲ ಗಂಗವ್ವ ಹೇಳಿದ್ಲು. ಅವತ್ತ ಎಲ್ಲಾರ ಕಾಲೂ ಒರಿಸಿದಾವ್ರು ನೀವಂತ."

ನನಗದು ನೆನಪೇ ಇರಲಿಲ್ಲ. ಸ್ಟೆಲ್ಲಾ ನನ್ನನ್ನು ಕರೆಯದೆ ಹೋದಳಲ್ಲ ಎಂದು ಮುನಿಸಿಕೊಂಡದ್ದಷ್ಟೇ ನೆನಪಿತ್ತು.

ಗಾಡಿ ಹೊರಟಿತು. ಈ ಸಲ ಕಿಟಕಿಯ ಪಕ್ಕದ ಸೀಟನ್ನು ಖಾಲಿ ಬಿಟ್ಟು, ಅದರ ಪಕ್ಕದಲ್ಲಿ ಕುಳಿತೆ. ಭೀಮಪ್ಪ ಇನ್ನೂ ಬೆಂಚಿನಲ್ಲೇ ಇದ್ದ. ಚಪ್ಪಲಿಯೊಂದನ್ನು ಮಗುಚಿ ಕೊಡವಿ, ಸ್ಟೆಲ್ಲಾ ಕಲಿಸಿದ ಹಾಗೆ ಅದರೊಳಗೆ ಅಂಗೈ ಆಡಿಸಿ, ಕಾಲಿಗೆ ತಿಳಿಯದ ಹರಳನ್ನು ಕೈಯಿಂದ ಹುಡುಕುತ್ತಿದ್ದ.