ಬಿಚ್ಚದೆ ಇಟ್ಟ ಸಂಚಿಕೆಗಳು

ಮೊನ್ನೆ ಮಧ್ಯಾಹ್ನ ನಮ್ಮ ಬೊರಿವಲಿಯ ಮನೆಯಲ್ಲಿ ಮೊಮ್ಮಗಳು ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಪರೀಕ್ಷೆಯಲ್ಲಿ ಏನಾದರೂ ಆಯಿತೋ, ಕಾಲೇಜಿನಲ್ಲಿ ಯಾರಾದರೂ ಏನಾದರೂ ಅಂದರೋ ಎಂದು ಗಾಬರಿಯಾಗಿ ಬಾಗಿಲು ಬಡಿದೆ. ಕಣ್ಣು ಕೆಂಪಗೆ ಮಾಡಿಕೊಂಡು ಬಂದವಳು ತನ್ನ ಹರಕುಮುರುಕು ಕನ್ನಡದಲ್ಲಿ, "ಅಜ್ಜಿ, ಅವನು ಸತ್ತೋದ. ಮೇರಾ ಫೇವರಿಟ್ ಥಾ" ಎಂದಳು. ಯಾರು ಎಂದು ಕೇಳಿದರೆ, ಯಾವುದೋ ಆಕಾಶನೌಕೆಯ ಕಥೆಯವನು. ವರ್ಷಗಟ್ಟಲೆಯಿಂದ ನಡೆದಿರುವ ಧಾರಾವಾಹಿಯಂತೆ. ಗೆಳತಿಯರೆಲ್ಲ ನೋಡಿ ಮುಗಿಸಿದ್ದಾರೆ, ಇವಳೊಬ್ಬಳು ಹಿಂದೆ ಬಿದ್ದಿದ್ದಾಳೆ, ರಜೆಯಲ್ಲಿ ಕೂತು ಹಳೆಯ ಕಂತುಗಳನ್ನು ನೋಡಿ ಅವರನ್ನು ಹಿಡಿಯುತ್ತಿದ್ದಾಳೆ. ಸೊಸೆ ಅಡಿಗೆಮನೆಯಿಂದಲೇ ನಕ್ಕಳು. "ಇಲ್ಲದವನ ಸಲುವಾಗಿ ಯಾರಾದರೂ ಅಳ್ತಾರೇನೇ?"

ನನಗೆ ನಗು ಬರಲಿಲ್ಲ. ಇಲ್ಲದವನ ಸಲುವಾಗಿ ಅತ್ತವರನ್ನು ನಾನು ನೋಡಿದ್ದೇನೆ.

ಐವತ್ತರ ದಶಕದ ಮಾತು. ಧಾರವಾಡದಿಂದ ಮದುವೆಯಾಗಿ ಮುಂಬಯಿಯ ಪರೇಲಿನ ಒಂದು ಚಾಳಿಗೆ ಬಂದೆ. ಒಂದು ಖೋಲಿ, ಅದರ ಹಿಂದೆ ಎರಡು ಹೆಜ್ಜೆಯ ಅಡಿಗೆಮನೆ, ಮುಂದೆ ಎಲ್ಲರದೂ ಆದ ಗ್ಯಾಲರಿ. ಮನೆಯಲ್ಲಿ ಮೂವರೇ: ನಾನು, ನಮ್ಮವರು, ಅತ್ತೆ. ಬೆಳಗಾವಿ ಕಡೆಯ ಹಳ್ಳಿಯ ಹೆಣ್ಣುಮಗಳು ನಮ್ಮ ಅತ್ತೆ. ಸಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಒಮ್ಮೆ ಕೇಳಿದ ಮಾತನ್ನು ಮರೆತವರೂ ಅಲ್ಲ. ಕಡಿಮೆ ಮಾತು. ಅವರು ನನ್ನನ್ನು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು. ನಮ್ಮವರಿಗೆ ವಸಂತ ಎಂಬ ತಮ್ಮನಿದ್ದ, ನಮ್ಮ ಮದುವೆಗೆ ಮುಂಚೆಯೇ ಜ್ವರದಲ್ಲಿ ಹೋಗಿಬಿಟ್ಟ ಎಂಬುದಷ್ಟೇ ನನಗೆ ಗೊತ್ತಿತ್ತು. ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಒಮ್ಮೆ ನಾನು ಕೇಳಹೋದಾಗ ನಮ್ಮವರು, "ಅವ್ವನ ಮುಂದ ಆ ಮಾತು ತಗೀಬ್ಯಾಡ" ಎಂದವರೇ ಟೊಪ್ಪಿಗೆ ಹಾಕಿಕೊಂಡು ಆಫೀಸಿಗೆ ನಡೆದರು.

ಓದುವುದಕ್ಕೆ ಏನೂ ಇಲ್ಲದ ಮನೆ ಎಂದುಕೊಂಡಿದ್ದೆ. ಒಂದು ದಿನ ಕಸ ಹೊಡೆಯುವಾಗ ಮಂಚದ ಕೆಳಗೆ ತಗಡಿನ ಟ್ರಂಕು ಸಿಕ್ಕಿತು. ತೆಗೆದರೆ ಒಂದು ಕನ್ನಡ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು. ಅದರಲ್ಲಿ "ನೀಲಗ್ರಹದ ದಾರಿ" ಎಂಬ ಧಾರಾವಾಹಿ. ಗರುಡ ಎಂಬ ಹಡಗಿನಲ್ಲಿ ಕೆಲವರು ಸೂರ್ಯನನ್ನೂ ದಾಟಿ ಎಲ್ಲಿಗೋ ಹೊರಟಿದ್ದಾರೆ. ಒಬ್ಬ ಮುದಿ ಪ್ರೊಫೆಸರ, ವಿಮಲಾ ಎಂಬ ಡಾಕ್ಟರು, ಅರುಣ ಎಂಬ ತರುಣ ಇಂಜಿನಿಯರು, ಜೊತೆಗೆ ಮಾತಾಡುವ ಕಬ್ಬಿಣದ ಮನುಷ್ಯ. ಇಂಥ ಕಥೆಗಳೆಲ್ಲ ಗಂಡುಹುಡುಗರಿಗೆ ಎಂದು ಮೂಗು ಮುರಿಯುತ್ತಿದ್ದವಳು ನಾನು. ಆ ದಿನ ಒಲೆಯ ಮೇಲಿನ ಬೇಳೆ ತಳ ಹಿಡಿಯುವವರೆಗೂ ಎಚ್ಚರವಿರಲಿಲ್ಲ.

ಹಾಳೆಗಳ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಬರೆದಿದ್ದರು. ಪ್ರೊಫೆಸರನ ಗುಟ್ಟು ಬಯಲಾಗುವ ಕಡೆ, "ನಾ ಮೊದಲ ಹೇಳಿದ್ದೆ!" ಕಬ್ಬಿಣದ ಮನುಷ್ಯ ಹಾಡು ಹೇಳುವ ಕಡೆ, "ಇದು ಸ್ವಲ್ಪ ಅತಿ ಆತು." ವಿಮಲಾ ಸಿಟ್ಟಾಗುವ ಕಡೆ, "ಥೇಟ ನಮ್ಮವ್ವ." ಅದನ್ನು ಓದಿ ನಾನು ಗಟ್ಟಿಯಾಗಿಯೇ ನಕ್ಕುಬಿಟ್ಟೆ.

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಏನವಾ ಅದು?"

ಟ್ರಂಕು ತೆರೆದದ್ದಕ್ಕೆ ಬೈಗುಳ ಬಂತು ಎಂದುಕೊಂಡೆ. ಹೆದರುತ್ತಲೇ ಆ ಸಾಲು ಓದಿ ಹೇಳಿದೆ. ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು.

"ಹಂಗಂತ ಬರದಾನೇನು?"

"ಹೂಂನ್ರಿ."

"ನನಗ ಕಥಿ ಅಷ್ಟ ಓದಿ ಹೇಳತಿದ್ದ. ಇದನ್ನ ಹೇಳೇ ಇಲ್ಲ ನೋಡು ಖೋಡಿ." ನನ್ನ ಹತ್ತಿರ ಸರಿದು ಕೂತು, "ಮೊದಲಿಂದ ಓದು. ಅವ ಬರದದ್ದೂ ಓದು" ಎಂದರು.

ಅವತ್ತಿನಿಂದ ಮಧ್ಯಾಹ್ನದ ಊಟ ಮುಗಿದ ಮೇಲೆ ನಮ್ಮ ಓದು ಶುರುವಾಗುತ್ತಿತ್ತು. ನಾಲ್ಕು ದಿನಕ್ಕೆ ಪಕ್ಕದ ಖೋಲಿಯ ಪದ್ಮಕ್ಕನೂ ಬಂದು ಸೇರಿಕೊಂಡರು. ಉಡುಪಿ ಕಡೆಯವರು, ಗಂಡ ಮಾಟುಂಗದ ಹೋಟೆಲಿನಲ್ಲಿ ಅಡಿಗೆಗಿದ್ದರು. ವಸಂತನ ವಿಷಯ ನನಗೆ ಸರಿಯಾಗಿ ತಿಳಿದದ್ದು ನಲ್ಲಿಯ ಹತ್ತಿರ ಅವರ ಬಾಯಿಂದಲೇ. ಗಿರಣಿಯ ಆಫೀಸಿನಲ್ಲಿ ಅವನಿಗೆ ಎರಡನೆಯ ಪಾಳಿ. ಕೆಲಸಕ್ಕೆ ಹೊರಡುವ ಮುಂಚೆ ತಾಯಿಯನ್ನು ಕೂರಿಸಿಕೊಂಡು ಓದುತ್ತಿದ್ದನಂತೆ. "ಎಂತ ಸ್ವರ ಮಾರಾಯ್ತಿ! ಹಡಗು ಅಲ್ಲಾಡಿದರೆ ಅವನೂ ಅಲ್ಲಾಡುವುದು. ಅವನು ಹೋದ ಮೇಲೆ ಇವರು ಅತ್ತದ್ದು ನಾನು ಕಾಣಲಿಲ್ಲ. ಒಂದು ಹನಿ ಇಲ್ಲ. ಅದೇ ನನಗೆ ಹೆದರಿಕೆ" ಎಂದರು ಪದ್ಮಕ್ಕ.

ನಮ್ಮಂಥ ಅಭಿಮಾನಿಗಳು ಆ ಲೇಖಕನಿಗೆ ಬೇರೆಲ್ಲೂ ಇದ್ದಿರಲಾರರು. ಹಡಗಿನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅತ್ತೆಯ ಮೊದಲ ಚಿಂತೆ. ಚಾಳಿನ ನಲ್ಲಿಯಲ್ಲಿ ನಸುಕಿನಲ್ಲಿ ಬಂದು ಬೆಳಕು ಹರಿಯುವುದರೊಳಗೆ ಹೋಗುವ ನೀರು ಕಂಡವರಿಗೆ ಅದು ಸಹಜವೇ. ಅಷ್ಟು ದೂರ ಹೊರಟವರು ಒಂದು ಭರಣಿ ಉಪ್ಪಿನಕಾಯಿ ಕಟ್ಟಿಕೊಳ್ಳಲಿಲ್ಲವಲ್ಲ ಎಂಬುದು ಪದ್ಮಕ್ಕನ ದೂರು. ಕಬ್ಬಿಣದ ಮನುಷ್ಯನಿಗೆ ಹೆತ್ತವಳಿಲ್ಲ ಎಂಬುದು ಅತ್ತೆಯ ಮನಸ್ಸಿಗೆ ಬಹಳ ಹತ್ತಿತು. "ಪಾಪ, ಎಣ್ಣಿ ಹಚ್ಚವರು ಯಾರು ಅದಕ್ಕ?" ಎನ್ನುತ್ತಿದ್ದರು. ಎಣ್ಣೆ ಹಚ್ಚದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದೋ, ತಲೆಗೆ ಎಣ್ಣೆ ಒತ್ತುವ ತಾಯಿಯಿಲ್ಲ ಎಂದೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಪೆನ್ಸಿಲ್ ಬರಹ ಬಂದಾಗ ನಾನು ಒಂದು ಕ್ಷಣ ನಿಲ್ಲುತ್ತಿದ್ದೆ. ಅತ್ತೆ ಮುಂದಕ್ಕೆ ಬಾಗುತ್ತಿದ್ದರು. ನಾನೆಂದೂ ಕಾಣದ ಮೈದುನ ಹೀಗೆ ಸಾಲುಸಾಲಾಗಿ ನನಗೂ ಪರಿಚಯವಾದ.

ಕೊನೆಗೆ ಆ ಸಂಚಿಕೆ ಬಂತು. ಹಡಗಿನ ಹೊರಮೈಗೆ ಏನೋ ಬಡಿದು ಬಿರುಕು ಬಿಟ್ಟಿದೆ. ಅರುಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಹೋಗುತ್ತಾನೆ. ಬಿರುಕು ಮುಚ್ಚಿ ತಿರುಗುವಷ್ಟರಲ್ಲಿ ಹಗ್ಗ ಹರಿಯುತ್ತದೆ. "ಮುಂದುವರಿಯುವುದು" ಎಂದಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, ಅಕ್ಷರ ಸ್ವಲ್ಪ ಓರೆಯಾಗಿ, "ಅರುಣ ಬಂದ ಬರ್ತಾನ."

ನಾನು ಮುಂದಿನ ಸಂಚಿಕೆಗೆ ಟ್ರಂಕಿಗೆ ಕೈ ಹಾಕಿದೆ. ಉಳಿದವೆಲ್ಲ ಟಪಾಲಿನಲ್ಲಿ ಬಂದಂತೆಯೇ ಸುರುಳಿಯಾಗಿದ್ದವು, ಸುತ್ತ ಅಂಟಿಸಿದ ಕಾಗದದ ಪಟ್ಟಿ ಹರಿದಿರಲಿಲ್ಲ. ಪ್ರತಿಯೊಂದರ ಮೇಲೂ ವಸಂತನ ಹೆಸರು. ಆಜೀವ ಚಂದಾ ಕಟ್ಟಿದ್ದನಂತೆ, ಅವನು ಹೋದದ್ದು ಪತ್ರಿಕೆಯವರಿಗೆ ಯಾರೂ ತಿಳಿಸಿರಲಿಲ್ಲ. ತಿಂಗಳು ತಿಂಗಳು ಬರುತ್ತಲೇ ಇದ್ದವು, ಅತ್ತೆ ಯಾರ ಕಣ್ಣಿಗೂ ಬೀಳದಂತೆ ಇಸಿದುಕೊಂಡು ಒಳಗಿಡುತ್ತಲೇ ಇದ್ದರು.

"ಅವು ಬ್ಯಾಡ" ಎಂದರು ಅತ್ತೆ.

ಪದ್ಮಕ್ಕ ಎದ್ದು ಹೋದ ಮೇಲೆ ಅತ್ತೆಯೇ ಹೇಳಿದರು. "ಇದನ್ನ ಓದಿದಾಗ ಅವಗ ಜ್ವರ ಬಂದು ಎರಡ ದಿನ ಆಗಿತ್ತು. ಅರುಣ ಬರ್ತಾನಬೇ ಅಂದ. ನಾನು ನಗಿಚಾಷ್ಟಿಗೆ, ಹಗ್ಗ ಹರದ ಮ್ಯಾಲ ಎಲ್ಲಿ ಬರ್ತಾನೋ, ಹೋದಾವ ಹೋದ ಅಂದೆ. ಹಂಗ ಅನಬಾರದಿತ್ತು. ಮಲಗಿದ ಹುಡುಗನ ಮುಂದ ಅಂಥಾ ಮಾತು ಆಡಬಾರದಿತ್ತು."

ನಾನು ಟ್ರಂಕಿನ ಮುಚ್ಚಳ ಹಾಕಿದೆ. ಒಂದಷ್ಟು ದಿನ ಓದು ನಿಂತಿತು. ನನಗೋ ಒಳಗೊಳಗೇ ಚಡಪಡಿಕೆ. ಮನೆಯಲ್ಲಿ ಅಂಥ ದುಃಖವಿರುವಾಗ ಅರುಣ ಏನಾದನೋ ಎಂದು ನನ್ನ ಜೀವ ಎಳೆಯುತ್ತಿತ್ತಲ್ಲ, ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ತಾವೇ ಒಂದು ಸುರುಳಿ ತಂದು ನನ್ನ ಮುಂದಿಟ್ಟರು. "ಬಿಚ್ಚು. ಎಷ್ಟ ದಿನ ಅಂತ ಅವ ಅಲ್ಲೇ ತೇಲಾಡಬೇಕು?"

ಪಟ್ಟಿ ಹರಿದೆ. ವರ್ಷಗಟ್ಟಲೆ ಸುತ್ತಿಟ್ಟ ಪತ್ರಿಕೆ ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು, ಮೂಲೆಗೆ ತಂಬಿಗೆ ಇಟ್ಟು ಹಿಡಿದೆ. ಅತ್ತೆ ಹಾಳೆಯ ಅಂಚಿನ ಮೇಲೆ ಬೆರಳಾಡಿಸಿದರು. ಓದಲು ಬಾರದವರಿಗೂ ಅಷ್ಟು ಕಾಣುತ್ತಿತ್ತು. ಅಂಚು ಖಾಲಿ. ಅವರು ಸೆರಗಿನಿಂದ ಹಾಳೆಯನ್ನು ಒಮ್ಮೆ ಒರೆಸಿ ನನ್ನ ಕಡೆ ಸರಿಸಿದರು.

ಆ ಸಂಚಿಕೆಯಲ್ಲಿ ಅರುಣನ ಸುದ್ದಿಯೇ ಇರಲಿಲ್ಲ. ಅದರ ಮುಂದಿನದರಲ್ಲೂ ಇರಲಿಲ್ಲ. ಹಡಗು ಎಲ್ಲೆಲ್ಲೋ ಹೋಯಿತು, ಹಸಿರು ಹೊಗೆಯ ಗ್ರಹದಲ್ಲಿ ಇಳಿಯಿತು, ಕಬ್ಬಿಣದ ಮನುಷ್ಯ ಕೆಟ್ಟು ರಿಪೇರಿಯಾಯಿತು. ಲೇಖಕ ಮಾತ್ರ ಅರುಣನನ್ನು ಮರೆತಂತೆಯೇ ಇದ್ದ. ಪ್ರತಿದಿನ ಸುರುಳಿ ಬಿಚ್ಚಿದ ಕೂಡಲೇ ಅತ್ತೆ, "ಹುಡುಗನ ಸುದ್ದಿ ಅದ ಏನು ನೋಡು" ಎನ್ನುವರು. ನಾನು ಹಾಳೆ ತಿರುವಿ ಇಲ್ಲ ಎನ್ನುವೆ. "ಕಥೆ ಬರೆಯುವವನಿಗೆ ಮಕ್ಕಳಿಲ್ಲ, ಬೇಕಾದರೆ ಬರೆದುಕೊಡುತ್ತೇನೆ" ಎಂದು ಪದ್ಮಕ್ಕ ರೇಗುವರು.

ಸುರುಳಿಗಳು ಮುಗಿಯುತ್ತ ಬಂದಾಗ ಒಂದು ದಿನ ನಾನು ಮೊದಲೇ ತಿರುವಿ ನೋಡುವುದನ್ನು ಮರೆತು ನೇರ ಓದತೊಡಗಿದೆ. ವಿಮಲಾ ದುರ್ಬೀನಿನಲ್ಲಿ ದೂರದಲ್ಲೊಂದು ಬಿಳಿಯ ಚುಕ್ಕೆ ಕಾಣುತ್ತಾಳೆ. ಹತ್ತಿರ ಹೋಗುತ್ತಾರೆ. ಅರುಣ! ಪದ್ಮಕ್ಕ ನನ್ನ ತೋಳು ಹಿಡಿದರು. ಕಬ್ಬಿಣದ ಮನುಷ್ಯ ಅವನನ್ನು ಎತ್ತಿ ಒಳಗೆ ತಂದು ಮಲಗಿಸುತ್ತಾನೆ. ಬಾಯಿ ಒಂದು ಸಾಲು ಓದುತ್ತಿದ್ದರೆ ಕಣ್ಣು ಮುಂದಿನ ಸಾಲಿಗೆ ಹೋಗಿರುತ್ತದೆ ನೋಡಿ. ನನ್ನ ಕಣ್ಣು ಅದನ್ನು ಆಗಲೇ ಓದಿಬಿಟ್ಟಿತ್ತು.

"ಅರುಣ ಮೆಲ್ಲಗೆ ಕಣ್ಣು ತೆರೆದ" ಎಂದು ನಾನು ಓದಿದೆ. "ನೀರು ಬೇಕೆಂದ. ವಿಮಲಾ ನೀರು ಕುಡಿಸಿದಳು..."

"ಬದುಕಿದ! ನಾನು ಹೇಳಲಿಲ್ಲವಾ?" ಎಂದು ಪದ್ಮಕ್ಕ ಕೈ ತಟ್ಟಿದರು.

ಅತ್ತೆ ನನ್ನ ಮುಖವನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. "ನೀ ಓದೂ ಮುಂದ ನಿನ್ನ ಬೆರಳು ಸಾಲಿನ ಮ್ಯಾಲ ಸರೀತಿರತದ ತಂಗೀ. ಈಗ ನಿಂತದ. ಇದ್ದದ್ದ ಓದು."

"ಅತ್ತಿಯವರ..."

"ಓದವಾ. ನಾ ಗಟ್ಟಿ ಅದೀನಿ."

ಓದಿದೆ. ಗಾಜಿನ ಮುಸುಕಿನ ಹಿಂದೆ ಅರುಣ ನಿದ್ದೆ ಹೋದವನಂತೆ ಕಂಡನೆಂದೂ, ಹಗ್ಗ ಹರಿದ ದಿನವೇ ಅವನ ಬೆನ್ನಿನ ಮೇಲಿನ ಡಬ್ಬಿಯ ಗಾಳಿ ಮುಗಿದಿತ್ತೆಂದೂ, ಉಳಿದವರು ಅವನಿಗಾಗಿ ಕಾಯುತ್ತಿದ್ದಷ್ಟು ಕಾಲವೂ ಅವನು ಇರಲೇ ಇಲ್ಲವೆಂದೂ ಬರೆದಿತ್ತು.

"ಹಗ್ಗ ಹರದ ದಿನಾನ?" ಎಂದು ಕೇಳಿದರು ಅತ್ತೆ.

"ಹೌದ್ರಿ. ಅವತ್ತ."

"ಅಂದ್ರ ನಾ ಅನ್ನೂಕಿಂತ ಮೊದಲ. ನನ್ನ ಮಾತಿಗಲ್ಲ."

"ಅಲ್ರಿ ಅತ್ತಿಯವರ. ನಿಮ್ಮ ಮಾತಿಗಲ್ಲ."

ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮೊದಲು ಬರೀ ಹೆಗಲು ಅಲ್ಲಾಡಿತು, ಸದ್ದಿರಲಿಲ್ಲ. ಆಮೇಲೆ ಬಂದ ದನಿಗೆ ಗ್ಯಾಲರಿಯಲ್ಲಿ ಹೋಗುತ್ತಿದ್ದವರು ನಿಂತು ಇಣುಕಿದರು. ಪದ್ಮಕ್ಕ ಎದ್ದು ಬಾಗಿಲು ಮುಂದೆ ಮಾಡಿ ಬಂದು ಅವರನ್ನು ತಬ್ಬಿ ಕೂತರು. "ವಸಂತಾ, ವಸಂತಾ" ಎನ್ನುತ್ತಿದ್ದರು ಅತ್ತೆ. ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಅವಗ ಗೊತ್ತಾಗಲಿಲ್ಲ. ಅರುಣ ಬರ್ತಾನಂತನ ನಂಬಿಕೊಂಡು ಹೋತು ನನ್ನ ಕೂಸು. ಅಷ್ಟರಮಟ್ಟಿಗೆ ಛಲೋ ಆತು" ಎಂದರು.

ಸಂಜೆ ನಮ್ಮವರು ಬಂದರು. ಅತ್ತೆಯ ಕಣ್ಣು ನೋಡಿ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಊಟಕ್ಕೆ ಕೂತಾಗ ಅತ್ತೆ ತಾವಾಗಿ ಅರುಣನ ಕಥೆ ಹೇಳತೊಡಗಿದರು, ಹಡಗು ಹೊರಟಲ್ಲಿಂದ. ನಮ್ಮವರ ಕೈ ಜೋಳದ ಭಕ್ರಿಯ ಮೇಲೆಯೇ ನಿಂತಿತ್ತು. ಕೇಳಿ ಮುಗಿಸಿ, ತಟ್ಟೆ ನೋಡುತ್ತಲೇ, "ವಸಂತ್ಯಾ ಇದ್ದಿದ್ರ ಆ ಬರಿಯಾವಗ ಬೈದು ಒಂದ ಕಾರ್ಡ ಹಾಕತಿದ್ದ" ಎಂದರು.

"ಒಂದ? ದಿನಕ್ಕೊಂದ ಹಾಕತಿದ್ದ" ಎಂದರು ಅತ್ತೆ. ಇಬ್ಬರೂ ನಕ್ಕರು. ನಗುತ್ತಲೇ ನಮ್ಮವರು ಎದ್ದು ಕೈ ತೊಳೆಯಲು ಹೋದವರು ಬಹಳ ಹೊತ್ತು ಬಚ್ಚಲಿನಿಂದ ಬರಲಿಲ್ಲ.

ಆಮೇಲೆ ಉಳಿದ ಸುರುಳಿಗಳೂ ಮುಗಿದು ನಾವು ಆ ತಿಂಗಳ ಸಂಚಿಕೆಯನ್ನು ಹಿಡಿದೆವು. ಹಿಡಿದ ಮೇಲೆ ಗೊತ್ತಾದದ್ದು, ಇನ್ನು ಎಲ್ಲರಂತೆ ತಿಂಗಳಿಡೀ ಕಾಯಬೇಕೆಂದು. ನಮ್ಮವರೂ ಭಾನುವಾರಗಳಲ್ಲಿ, ಕೇಳಿಸಿಕೊಳ್ಳದವರ ಹಾಗೆ ಪೇಪರು ಹಿಡಿದು ಹತ್ತಿರವೇ ಕೂರುತ್ತಿದ್ದರು. ಹೀಗೆ ಎರಡು ಮೂರು ವರ್ಷ ನಡೆಯಿತು. ಒಂದು ಸಲ ಸಂಚಿಕೆಯ ಜೊತೆ ಒಂದು ಚೀಟಿ ಬಂತು: ಪತ್ರಿಕೆ ನಿಲ್ಲುತ್ತಿದೆ, ಚಂದಾದಾರರಿಗೆ ವಂದನೆಗಳು. ಹಡಗು ಇನ್ನೂ ನಡುದಾರಿಯಲ್ಲಿತ್ತು. "ಇದೆಂತ ಅನ್ಯಾಯ!" ಎಂದು ಪದ್ಮಕ್ಕ ಕೂಗಾಡಿದರು. ನನಗೂ ಅಳುವೇ ಬಂತು. ಅತ್ತೆ ಸ್ವಲ್ಪ ಯೋಚಿಸಿ, "ನಿಂತದ್ದು ಛಾಪಖಾನಿ. ಹಡಗ ಅಲ್ಲಲ್ಲ" ಎಂದು ಒಲೆಯ ಕಡೆ ಹೋದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಪದ್ಮಕ್ಕನೂ ಇಲ್ಲ, ನಮ್ಮವರೂ ಇಲ್ಲ. ಇದನ್ನೆಲ್ಲ ಮೊಮ್ಮಗಳಿಗೆ ಹೇಳೋಣವೆಂದು ಹೋದೆ. ಅವಳಾಗಲೇ ಮೂಗು ಒರೆಸಿಕೊಂಡು ಮುಂದಿನ ಕಂತು ಹಚ್ಚಿದ್ದಳು. ನನ್ನ ಮಾತು ಇನ್ನೊಂದು ದಿನಕ್ಕೆ ಇರಲಿ ಎಂದು ಅವಳ ಮಗ್ಗುಲಿಗೆ ಕೂತೆ. "ಅಜ್ಜಿ, ನಿನಗೆ ಸಮಜೇಗಾ ನಹೀ, ತಿಳಿಯಲ್ಲ" ಎಂದಳು, ಆದರೂ ಸರಿದು ಜಾಗ ಮಾಡಿದಳು. ಪರದೆಯ ಮೇಲೆ ಐದಾರು ಮಂದಿ ಸುಮ್ಮನೆ ನಿಂತಿದ್ದರು. ಯಾರನ್ನೋ ಕಳೆದುಕೊಂಡವರು ಎಂದು ನೋಡಿದರೇ ತಿಳಿಯುತ್ತಿತ್ತು.

"ಇವರೆಲ್ಲ ಯಾರ್ಯಾರು?" ಎಂದೆ. "ಒಬ್ಬೊಬ್ಬರ ಹೆಸರು ಹೇಳು."