ಗೆರ್ನಿಕಾದ ಗೂಳಿಗೆ ವಿಭೂತಿ

ನಾನು ಗೋಡೆಗೆ ಬಣ್ಣ ಬಳಿಯುವವಳು. ಹಾಗೆ ಹೇಳಿದರೆ ಅಮ್ಮನಿಗೆ ಅವಮಾನ. ಆಕೆ ನೆಂಟರ ಮುಂದೆ ನನ್ನನ್ನು ಮ್ಯೂರಲ್ ಆರ್ಟಿಸ್ಟ್ ಎನ್ನುತ್ತಾಳೆ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಯಾವ ಆಫೀಸಿನ ಗೋಡೆಯ ಮೇಲಾದರೂ ಮೇಲಕ್ಕೆ ನೆಗೆಯುವ ರಾಕೆಟ್ಟನ್ನೋ, ಬೆಟ್ಟದ ತುದಿಯಲ್ಲಿ ಎರಡೂ ಕೈ ಎತ್ತಿ ನಿಂತ ಮನುಷ್ಯನನ್ನೋ ನೀವು ನೋಡಿದ್ದರೆ ಆ ಪಾಪದಲ್ಲಿ ನನಗೂ ಪಾಲಿದೆ. ಆ ಮನುಷ್ಯ ಅಷ್ಟೆಲ್ಲ ಏದುಸಿರು ಬಿಟ್ಟು ಬೆಟ್ಟ ಹತ್ತಿ ಅಲ್ಲಿ ಏನು ಮಾಡುತ್ತಾನೆಂದು ಇದುವರೆಗೆ ಯಾವ ಕಂಪನಿಯವರೂ ಕೇಳಿಲ್ಲ. ಅವನು ಕೈ ಎತ್ತಿದ್ದರೆ ಅವರಿಗೆ ಸಾಕು.

ಹೀಗಿರುವಾಗ ಅತ್ತಿಬೆಲೆಗೆ ಹೋಗುವ ದಾರಿಯಲ್ಲಿರುವ ಒಂದು ಕಂಪನಿಯಿಂದ ಕರೆ ಬಂತು. ಪೈಲಟ್ ಇಲ್ಲದೆ ಹಾರುವ ಡ್ರೋನುಗಳಿಗೆ ದಾರಿ ತೋರಿಸುವ ಉಪಕರಣ ಮಾಡುವವರು. ಮದುವೆಯ ವಿಡಿಯೋ ತೆಗೆಯುವ ಡ್ರೋನುಗಳಿಗಲ್ಲ, ಸೇನೆಗಳು ಕೊಳ್ಳುವಂಥವಕ್ಕೆ. ಅವರ ದೊಡ್ಡ ಸಾಹೇಬರು ರಜೆಗೆಂದು ಸ್ಪೇನಿಗೆ ಹೋಗಿ, ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಒಂದು ಚಿತ್ರ ನೋಡಿ ಮರುಳಾಗಿ ಬಂದಿದ್ದರು. ಸ್ವಾಗತಾಂಗಣದ ಪೂರಾ ಗೋಡೆಯ ಮೇಲೆ ಅದೇ ಬೇಕು. ಯಾಕೆಂದರೆ ಆಫೀಸಿನ ಸೋಫಾಗಳು ಬೂದು ಬಣ್ಣದವು, ಚಿತ್ರವೂ ಬೂದು. ಹೊಂದುತ್ತದೆ.

ಫೋಟೊ ನೋಡಿದ ನನಗೆ ನಗು ಬಂತು. ಅದು ಗೆರ್ನಿಕಾ.

ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಮ್ಯಾನೇಜರ್ ನನ್ನನ್ನು ಮೀಟಿಂಗಿಗೆ ಕೂರಿಸಿಕೊಂಡಾಗ ನಾನು ಆ ಚಿತ್ರದ ಕತೆ ಹೇಳಿದೆ. ಸ್ಪೇನಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಗೆರ್ನಿಕಾ ಎಂಬ ಸಣ್ಣ ಊರಿನ ಮೇಲೆ, ಸಂತೆಯ ದಿನ, ಹೊರದೇಶದ ವಿಮಾನಗಳು ಬಂದು ಬಾಂಬ್ ಸುರಿದವು. ಅವು ಬಂದದ್ದು ಸ್ಪೇನಿನವನೇ ಆದ ಒಬ್ಬ ದಂಗೆಕೋರ ಸೇನಾಪತಿಯ ನೆರವಿಗೆ. ಪ್ಯಾರಿಸ್ಸಿನಲ್ಲಿದ್ದ ಸ್ಪೇನಿನ ಚಿತ್ರಕಾರನೊಬ್ಬ ಪತ್ರಿಕೆಗಳಲ್ಲಿ ಆ ಸುದ್ದಿ ನೋಡಿ, ಪತ್ರಿಕೆಯದೇ ಕಪ್ಪು ಬಿಳುಪಿನಲ್ಲಿ ಗೋಡೆಯಗಲದ ಚಿತ್ರ ಬರೆದ. ತನ್ನ ದೇಶಕ್ಕೆ ಜನರ ಆಳ್ವಿಕೆ ಮರಳುವ ತನಕ ಚಿತ್ರ ಅಲ್ಲಿಗೆ ಹೋಗಕೂಡದೆಂದ. ಅದು ಊರೂರು ಸುತ್ತಿ, ಅಮೆರಿಕದಲ್ಲಿ ದಶಕಗಟ್ಟಲೆ ಅತಿಥಿಯಾಗಿದ್ದು, ಅವನು ಸತ್ತ ಮೇಲೆ ಮನೆ ಸೇರಿತು. ಜಗತ್ತಿನ ದೇಶಗಳೆಲ್ಲ ಕೂಡುವ ಸಭಾಮಂದಿರದಲ್ಲಿ ಅದರ ನೇಯ್ದ ಪ್ರತಿಯೊಂದಿತ್ತು. ಇನ್ನೊಂದು ಯುದ್ಧದ ಮಾತಾಡಲು ದೊಡ್ಡವರು ಬಂದಾಗ ಅದಕ್ಕೆ ನೀಲಿ ಪರದೆ ಹೊದಿಸಿದರು. ಟಿವಿ ಕ್ಯಾಮೆರಾಕ್ಕೆ ಹಿನ್ನೆಲೆ ಚೆನ್ನಾಗಿರಲಿ ಎಂದು ಕಾರಣ ಕೊಟ್ಟರು.

ಮ್ಯಾನೇಜರ್ ಅಷ್ಟೂ ಹೊತ್ತು ಲ್ಯಾಪ್‌ಟಾಪ್ ನೋಡುತ್ತಲೇ ತಲೆಯಾಡಿಸಿದ.

"ಸ್ಟೋರಿ ಸಕ್ಕತ್ತಾಗಿದೆ ಮೇಡಂ," ಎಂದ. "ದಸರಾ ಒಳಗೆ ಮುಗ್ಸಿಕೊಡ್ತೀರಲ್ವಾ?"

ಮುಗಿಸಿಕೊಟ್ಟೆ. ಸಾಯುತ್ತಿರುವ ಕುದುರೆ, ಮುರಿದ ಕತ್ತಿ ಹಿಡಿದು ಬಿದ್ದ ಸೈನಿಕ, ಉರಿಯುವ ಮನೆಯಿಂದ ಕೈಚಾಚುವ ಹೆಂಗಸು, ಎಲ್ಲವನ್ನೂ ಕಸುಬಿನ ಕೈಯಲ್ಲಿ ಬರೆದೆ. ಎಡಗಡೆ, ಒಂದು ಗೂಳಿಯ ಕೆಳಗೆ, ಸತ್ತ ಮಗುವನ್ನು ತೋಳಲ್ಲಿಟ್ಟುಕೊಂಡು ತಲೆ ಹಿಂದಕ್ಕೆ ಚೆಲ್ಲಿ ಅರಚುವ ತಾಯಿಯೊಬ್ಬಳಿದ್ದಾಳೆ. ಅವಳನ್ನು ಬರೆಯುವಾಗ ಮಾತ್ರ ನನ್ನ ನಾಲಿಗೆಯ ಕೊಂಕು ಅಡಗಿತು. ಅವಳ ತೆರೆದ ಬಾಯಿಯನ್ನು ಅಳಿಸಿ ಅಳಿಸಿ ಬರೆದೆ. ಇಷ್ಟು ವರ್ಷ ಗೋಡೆಗಳಿಗೆ ಬಳಿದದ್ದರಲ್ಲಿ ಉಳಿಯಬೇಕು ಎಂದು ನಾನು ಆಸೆಪಟ್ಟದ್ದು ಅವಳೊಬ್ಬಳನ್ನೇ.

ಆ ಕಟ್ಟಡಕ್ಕೆ ಒಡತಿ ಒಬ್ಬಳು ಅಜ್ಜಿ. ಅವಳ ರಾಗಿ ಹೊಲವಿದ್ದ ಜಾಗದಲ್ಲೇ ಈಗ ಗಾಜಿನ ಮಹಡಿಗಳೆದ್ದಿವೆ. ಬಾಡಿಗೆಯ ವ್ಯವಹಾರ ಮಕ್ಕಳದು, ಪೂಜೆಯ ವ್ಯವಹಾರ ಅಜ್ಜಿಯದು. ಆಯುಧಪೂಜೆಯ ದಿನ ಬಾಳೆಕಂಬ ಕಟ್ಟಿ, ಲಿಫ್ಟು, ಜನರೇಟರು, ಪ್ರಿಂಟರು, ಡ್ರೋನು ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದವಳು ನನ್ನ ಗೋಡೆಯ ಮುಂದೆ ನಿಂತುಬಿಟ್ಟಳು. ಬಾಕಿ ಹಣಕ್ಕೆಂದು ಹೋಗಿದ್ದ ನಾನೂ ಅಲ್ಲೇ ಇದ್ದೆ.

ಆ ಗೂಳಿಯ ಅರ್ಥವೇನೆಂದು ಪಂಡಿತರು ಇವತ್ತಿಗೂ ಕಚ್ಚಾಡುತ್ತಾರೆ. ಕ್ರೌರ್ಯ ಎನ್ನುವವರಿದ್ದಾರೆ, ಸ್ಪೇನ್ ದೇಶವೇ ಎನ್ನುವವರಿದ್ದಾರೆ. ಚಿತ್ರಕಾರನೂ ಸರಿಯಾಗಿ ಬಾಯಿಬಿಡಲಿಲ್ಲ. ಅಜ್ಜಿ ಮಾತ್ರ ನಿಂತ ನಿಲುವಿನಲ್ಲೇ ತೀರ್ಮಾನ ಕೊಟ್ಟಳು.

"ನಮ್ ಬಸವಣ್ಣ ಕಣವ್ವ," ಎಂದಳು. "ಈ ತಾಯಿ ನೋಡು, ಮಗೀಗೆ ಉಸಾರಿಲ್ಲ ಅಂತ ಅರಕೆ ಒತ್ಕೊಂಡು ಬಂದವ್ಳೆ."

ಸ್ಟೂಲು ತರಿಸಿ, ಅದರ ಮೇಲೆ ಕಾವಲುಗಾರನನ್ನು ಹತ್ತಿಸಿ, ಗೂಳಿಯ ಹಣೆಗೆ ಮೂರೆಳೆ ವಿಭೂತಿ ಎಳೆಸಿದಳು. ಮೇಲೊಂದು ಚೆಂಡುಹೂವಿನ ಹಾರ. ನನ್ನ ಕೆಲಸಕ್ಕೆ ಹಾರ ಬಿದ್ದದ್ದು ಅದೇ ಮೊದಲು.

ಆಮೇಲೆ ಅದು ಬೆಳೆಯಿತು. ಸೋಮವಾರ ಸೋಮವಾರ ಊದುಬತ್ತಿ ಶುರುವಾಯಿತು. ಯಂತ್ರಗಳಿಗೆ ಬುದ್ಧಿ ಕಲಿಸುತ್ತೇವೆಂದು ಹೇಳಿಕೊಳ್ಳುವ ಎಂಜಿನಿಯರುಗಳು ಹೊಸ ಸಾಫ್ಟ್‌ವೇರ್ ಬಿಡುವ ಮುನ್ನ ಗೂಳಿಯ ಗೊರಸು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪ್ರಯೋಗಕ್ಕೆ ಹಾರಿಸಿದ ಡ್ರೋನ್ ಬೀಳದೆ ವಾಪಸು ಬಂದ ದಿನ ಸಾಹೇಬರೇ ತೆಂಗಿನಕಾಯಿ ಒಡೆಸಿದರಂತೆ.

ಅಷ್ಟರಲ್ಲಿ ಹೊರದೇಶದ ಸೇನೆಯೊಂದರ ಕಡೆಯವರು ಸರಕು ನೋಡಲು ಬರುವುದು ಗೊತ್ತಾಯಿತು. ಅತಿಥಿಗಳಿಗೆ ವಿವರಿಸಲಿಕ್ಕೆಂದು ಯಾರೋ ಚಿತ್ರದ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ಬೆಚ್ಚಿಬಿದ್ದರು. ಮ್ಯಾನೇಜರ್ ನನಗೆ ಫೋನ್ ಮಾಡಿ, ಇದು ಯುದ್ಧದ ವಿರುದ್ಧ ಇರುವ ಚಿತ್ರವಂತೆ, ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಪೂರ್ತಿ ಬೂದು ಬಳಿದು ಕಂಪನಿಯ ಲಾಂಛನ ಬರೆದುಕೊಡಬೇಕಂತೆ. ನಾನು ಬರೆದ ಆ ತಾಯಿಯ ಬಾಯಿ ಮುಚ್ಚುವುದಕ್ಕೆ ನನ್ನನ್ನೇ ಕರೆಯುತ್ತಿದ್ದಾನಲ್ಲ ಎಂದು ಮೈ ಉರಿಯಿತು. ಆದರೆ ನಾನು ಒಲ್ಲೆನೆಂದರೆ ಇನ್ನೊಬ್ಬ ಬಂದು ರೋಲರ್ ಉರುಳಿಸಿ ಎಲ್ಲ ಮುಗಿಸುತ್ತಿದ್ದ. ಹೋದೆ.

ಹೋಗುವಷ್ಟರಲ್ಲಿ ಅಜ್ಜಿ ಸೋಫಾದ ಮೇಲೆ ಕೂತಿದ್ದಳು. ಕಾವಲುಗಾರ ಸುದ್ದಿ ಮುಟ್ಟಿಸಿದ್ದ. ಬಸವಣ್ಣನ ಮುಖಕ್ಕೆ ಬಣ್ಣ ಬಳಿದರೆ ಬೀಗ ಹಾಕಿಸುತ್ತೇನೆಂದು ಅವಳು, ಇದು ಬಸವಣ್ಣನಲ್ಲ ವಿದೇಶಿ ಗೂಳಿ ಎಂದು ಮ್ಯಾನೇಜರ್. ಇಷ್ಟು ದಿನ ಅದರ ಗೊರಸು ಮುಟ್ಟಿ ಕಣ್ಣಿಗೊತ್ತಿಕೊಂಡವನೂ ಅವನೇ. ಕೊನೆಗೆ ರಾಜಿಯಾಯಿತು. ಗೂಳಿಯ ಭಾಗಕ್ಕೆ ಚೌಕಟ್ಟು ಹಾಕಿ ಗುಡಿಯಂತೆ ಮಾಡುವುದು, ಉಳಿದದ್ದಕ್ಕೆಲ್ಲ ಬೂದು. ಮ್ಯಾನೇಜರ್ ಚಾಕ್‌ಪೀಸ್ ತೆಗೆದುಕೊಂಡು ಗೂಳಿಯ ಗದ್ದದ ಕೆಳಗೇ ಅಡ್ಡಗೆರೆ ಎಳೆದ. ತಾಯಿ ಮತ್ತು ಮಗು ಗೆರೆಯ ಕೆಳಗೆ ಬಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದು ಸೆರಗಿನಿಂದ ಆ ಗೆರೆ ಒರೆಸಿದಳು.

"ಅರಕೆ ಒತ್ತೋಳ್ನ ಆಚೆಗೆ ದಬ್ಬಿ ದ್ಯಾವ್ರನ್ನ ಒಬ್ನೇ ಕೂರಿಸ್ತೀಯಾ?" ಎಂದು ಕೇಳಿದಳು. "ಅವ್ಳೂ ಇರ್ಲಿ."

ಹೀಗೆ ತಾಯಿ ಉಳಿದಳು. ಮೊದಲೇ ಸಾಯುತ್ತಿದ್ದ ಕುದುರೆಯನ್ನು ನಾನೇ ಮುಗಿಸಿದೆ. ಸೈನಿಕನ ಮೇಲೆ ಲಾಂಛನ ಬಂತು. ಎಡಗಡೆಯ ಚೌಕಟ್ಟಿಗೆ ಹಿತ್ತಾಳೆಯ ಗಂಟೆ ಕಟ್ಟಿದರು. ಸಾಹೇಬರಿಗೂ ಖುಷಿ; ಅತಿಥಿಗಳನ್ನು ಇದೇ ಗುಡಿಯ ಮುಂದೆ ಆರತಿಯೆತ್ತಿ ಬರಮಾಡಿಕೊಳ್ಳೋಣ ಎಂದರು. ಗಂಟೆಯ ಕೆಳಗೆ ನಿಂತ ಆ ತಾಯಿಯನ್ನು ಇನ್ನು ಯಾರೂ ಯುದ್ಧದ ಜೊತೆ ಸೇರಿಸಿ ನೋಡುವುದಿಲ್ಲ ಎಂಬುದು ಅವರ ಧೈರ್ಯ. ಅವಳು ಉಳಿದದ್ದೇ ಅವಳ ಕತೆ ಅಜ್ಜಿಗೆ ಗೊತ್ತಿಲ್ಲದ್ದರಿಂದ ಎಂದು ನನಗೂ ಗೊತ್ತಿತ್ತು. ಉಳಿಸಿದೆನೆಂಬ ಖುಷಿ ನನಗೆ ಬರಲೇ ಇಲ್ಲ.

ಅತಿಥಿಗಳು ಬರುವ ಬೆಳಿಗ್ಗೆ ಚೌಕಟ್ಟಿನ ಅಂಚು ತಿದ್ದಲು ಹೋಗಿದ್ದೆ. ಅಜ್ಜಿ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಸಿದ್ಧಮಾಡಿಕೊಂಡಿದ್ದಳು. ನನ್ನ ಕೈಯಲ್ಲಿ ಕುಂಚ ನೋಡಿ ಹತ್ತಿರ ಬಂದಳು.

"ಮಗೀಗೆ ಕಣ್ಣಿನ ಗುಡ್ಡೆ ಇಕ್ಕಿಲ್ವಲ್ಲವ್ವ ನೀನು," ಎಂದಳು. "ಇವತ್ತು ಇಕ್ಕ್‌ಬುಡು, ಎದ್ದು ಕೂತ್ಕೊಳ್ಳಲಿ."

ಇವಳಿಗೆ ಸುಳ್ಳು ಹೇಳಲಾರೆ ಅನ್ನಿಸಿತು.

"ಅಜ್ಜಿ, ಆ ಮಗು ಸತ್ತೋಗಿದೆ," ಎಂದೆ.

ಹೇಗೆ ಎಂದು ಕೇಳಿದಳು. ಮೀಟಿಂಗಿನಲ್ಲಿ ಹೇಳಿದ್ದನ್ನೇ ಹೇಳಿದೆ, ಸಣ್ಣ ಊರು, ಮೇಲಿನಿಂದ ಬಂದ ವಿಮಾನಗಳು. ಸಂತೆಗೆ ಹೋದವರ ಮೇಲಾ ಎಂದು ಮಧ್ಯೆ ಒಮ್ಮೆ ಕೇಳಿದಳು. ಹೌದೆಂದೆ. ಆಮೇಲೆ ಚಾವಣಿಯ ಕಡೆ ಬೆರಳು ತೋರಿಸಿ, ಮೇಲಿನ ಮಹಡಿಯಲ್ಲಿ ಇವರು ಏನು ಮಾಡುತ್ತಾರೆಂದು ಕೇಳಿದಳು. ತಾನು ಕುಂಕುಮವಿಟ್ಟ ಡ್ರೋನು ಯಾತಕ್ಕೆ ಹಾರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದನ್ನೂ ಹೇಳಿದೆ.

ಅಜ್ಜಿ ಗೂಳಿಯ ಕೊರಳಿನ ಹಾರ ತೆಗೆಸಿದಳು. ಸೂತಕದ ಮನೆಯಲ್ಲಿ ಆರತಿ ಎತ್ತುತ್ತಾರಾ ಎಂದು ಗದರಿ, ತಟ್ಟೆಯನ್ನು ಕಾವಲುಗಾರನ ಕೈಗೆ ಕೊಟ್ಟು ಕಳಿಸಿದಳು. ಆಮೇಲೆ ತಲೆಯ ಮೇಲೆ ಸೆರಗೆಳೆದುಕೊಂಡು, ಸಾವಿನ ಮನೆಯಲ್ಲಿ ಹೆಂಗಸರು ಕೂರುವ ಹಾಗೆ, ಆ ತಾಯಿಯ ಕೆಳಗೆ ಬರಿ ನೆಲದ ಮೇಲೆ ಕೂತಳು. ನಾನು ಕುಂಚ ಕೆಳಗಿಟ್ಟು ಅವಳ ಪಕ್ಕ ಕೂತೆ.

ಕಾರುಗಳು ಬಂದವು. ಸೂಟಿನವರು ಬಾಗಿಲು ದಾಟಿ ನಮ್ಮ ಮುಂದೆ ನಿಂತರು. ಮ್ಯಾನೇಜರ್ ಬೆವರುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿದ.

"ಮೇಡಂ, ಇವ್ರಿಗೆ ಏನಂತ ಹೇಳ್ಲಿ?"

"ಈ ಮನೇಲಿ ಒಂದು ಮಗು ಸತ್ತಿದೆ ಅಂತ ಹೇಳಿ," ಎಂದೆ.

ಅವನು ನೆಟ್ಟಗಾಗಿ, ನಗುತ್ತಾ, ಇದು ನಮ್ಮ ಕಡೆ ಅತಿಥಿಗಳನ್ನು ಸ್ವಾಗತಿಸುವ ಪದ್ಧತಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವರು ಶೂ ಬಿಚ್ಚಿಟ್ಟು, ಅಜ್ಜಿಗೆ ಭಕ್ತಿಯಿಂದ ಕೈಮುಗಿದು, ಮತ್ತೆ ಶೂ ಹಾಕಿಕೊಂಡು ಲಿಫ್ಟ್ ಹತ್ತಿದರು.