ಬಾವ ಬಿಟ್ಟ ಕಾಫಿ

ಕಳೆದ ವಾರ ಟೇಕಲ್ಲಿನಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದೆ. ಒಳಗೆ ಅಕ್ಕ ಕಾಫಿ ಬೀಜ ಹುರಿಯುತ್ತಿದ್ದಳು. ಆ ವಾಸನೆ ಹೊಸಿಲು ದಾಟಿದ್ದೇ ತಡ, ನನ್ನ ಪಕ್ಕದಲ್ಲಿದ್ದ ಬಾವ ಕೋಲೂರಿಕೊಂಡು ಎದ್ದು, ಜಗಲಿಯ ಆ ತುದಿಗೆ ಹೋಗಿ ಗಾಳಿಗೆ ಮುಖವೊಡ್ಡಿ ಕೂತರು. ಎಷ್ಟೋ ವರ್ಷಗಳಿಂದ ಅವರು ಹೀಗೆ. ಅವರಿಗೆ ಕಾಫಿ ಕಂಡರಾಗದು ಎಂದು ಊರವರು ತಿಳಿದಿದ್ದಾರೆ. ಅದು ತಪ್ಪು. ಒಂದು ಕಾಲಕ್ಕೆ ಅವರಷ್ಟು ಕಾಫಿ ಹುಚ್ಚಿನವರು ಟೇಕಲ್ಲಿನಲ್ಲಿ ಸ್ಟೇಷನ್ ಮಾಸ್ಟರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಅವರಿಗೆ ಕಾಫಿ ಬಿಡಿಸಿದವನು ನಾನು. ಹೇಗೆ ಬಿಡಿಸಿದೆ ಎಂದು ಕೇಳಿದರೆ ನಿಮಗೆ ನಗು ಬಂದೀತು. ನಾನೂ ಬಹಳ ದಿನ ಇದನ್ನು ತಮಾಷೆಯೆಂದೇ ಇಟ್ಟುಕೊಂಡಿದ್ದೆ.

ಮೊದಲು ನನ್ನ ಘನತೆಯನ್ನು ಸ್ವಲ್ಪ ಹೇಳಿಕೊಳ್ಳಬೇಕು. ಮುಳಬಾಗಿಲಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದೆ. ಅಷ್ಟು ಹೊತ್ತಿಗೆ ಮೇಷ್ಟರಿಗೆ ನನ್ನ ಮೇಲೂ ನನಗೆ ಮೇಷ್ಟರ ಮೇಲೂ ಬೇಸರ ಬಂದು ಇಬ್ಬರೂ ಒಪ್ಪಿ ಬೇರೆಯಾದೆವು. ಆಮೇಲೆ ಹಿಡಿದದ್ದು ರೇಷ್ಮೆ ಬಿತ್ತನೆಯ ವ್ಯಾಪಾರ. ಕುಣಿಗಲ್ ಕಡೆಯಿಂದ ಬಿತ್ತನೆ ಗೂಡು ತಂದು, ಚಿಟ್ಟೆ ಹೊರಬಂದ ಮೇಲೆ ಜೋಡಿ ಕೂಡಿಸಿ, ಕಾಗದದ ಹಾಳೆಗಳ ಮೇಲೆ ಮೊಟ್ಟೆ ಇಡಿಸಿ, ಆ ಹಾಳೆಗಳನ್ನು ಕೋಲಾರ, ಮಾಲೂರು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮಾರುತ್ತಿದ್ದೆ. ಯುದ್ಧದ ಕಾಲ, ರೇಷ್ಮೆಗೆ ಬೆಲೆ ಬಂದಿತ್ತು. ನನ್ನ ಬಾಯಿಗೂ ಬೆಲೆ ಬಂದಿತ್ತು. ಯಾವಳಾದರೂ ಹಾಳೆ ಹಿಡಿದುಕೊಂಡು ಬಂದು, "ಏನಣ್ಣಾ, ಹುಳ ಒಡೀದೆ ಮೊಟ್ಟೆ ಎಲ್ಲಾ ಹಳದಿಯಾಗೇ ಕುಗ್ಗಿಹೋಯ್ತಲ್ಲ" ಎಂದು ಜಗಳಕ್ಕೆ ನಿಂತರೆ, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ: "ಹೆಣ್ಣನ್ನ ಬೈಬೇಡಮ್ಮ! ಹೆಣ್ಣು ಮೊಟ್ಟೆ ಇಟ್ಟಿದೆ. ಗಂಡು ಸೋತಿತ್ತು, ಅಷ್ಟೆ. ಬೇರೆ ಹಾಳೆ ತಗೋ!" ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಾನೂ ಮೀಸೆ ತಿರುವಿಕೊಳ್ಳುತ್ತಿದ್ದೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ನನ್ನನ್ನು ಚುಚ್ಚಲು ಬೇಕಾಗುತ್ತದೆ.

ಅಕ್ಕನನ್ನು ಟೇಕಲ್ಲಿಗೆ ಕೊಟ್ಟು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಬಾವ ಏನೂ ಅನ್ನುತ್ತಿರಲಿಲ್ಲ. ಅನ್ನುವ ಕೆಲಸವನ್ನು ಅವರ ತಾಯಿ ವಹಿಸಿಕೊಂಡಿದ್ದರು. ಕೋಪ ಬಂದರೆ ಆಕೆಗೆ ತೆಲುಗು ಬರುತ್ತಿತ್ತು. ಆ ದಿನಗಳಲ್ಲಿ ಕನ್ನಡವೇ ಮರೆತುಹೋಗಿತ್ತು. ಶ್ರೀನಿವಾಸಪುರದ ಕಡೆ ಒಂದು ಹೆಣ್ಣನ್ನು ನೋಡಿಟ್ಟಿದ್ದಾರೆ, ಮಗನಿಗೆ ಎರಡನೆಯದು ಮಾಡುತ್ತಾರೆ ಎಂಬ ಸುದ್ದಿ ನನ್ನ ಕಿವಿಗೂ ಬಿತ್ತು. ಅದೇ ಹೊತ್ತಿಗೆ ಕೋಲಾರದ ಒಂದು ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದಿದ್ದರು. ಮಕ್ಕಳಾಗದ ಹೆಂಗಸರಿಗೆ ಕಾರಣವೇನು, ಬಸಿರು ನಿಂತರೂ ಇಳಿದುಹೋಗುವುದೇಕೆ ಎಂದು ಸುತ್ತಿನ ತಾಲೂಕುಗಳವರನ್ನೆಲ್ಲ ಕರೆಸಿ ಪರೀಕ್ಷೆ ಮಾಡುತ್ತಿದ್ದರು. ಔಷಧಿ ಮಾರುವವರಲ್ಲ, ಮೊದಲು ತಿಳಿದುಕೊಳ್ಳಬೇಕು ಎನ್ನುವವರು. ಅಕ್ಕನನ್ನು ಗಾಡಿ ಕಟ್ಟಿಸಿ ಕರೆದುಕೊಂಡು ಹೋದೆ. ಬಾವನೇ ಕಳಿಸಿಕೊಟ್ಟರು. ಅವರ ತಾಯಿಗೆ ಮಾತ್ರ ತವರಿಗೆ ಹೋಗುತ್ತಾಳೆ ಎಂದು ಹೇಳಿದ್ದೆವು.

ನಾಲ್ಕಾರು ಸಲ ಓಡಾಡಿದ ಮೇಲೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಸೂಕ್ಷ್ಮದರ್ಶಕ ಇತ್ತು. ನನಗೆ ಹಳೆಯ ನೆಂಟನನ್ನು ಕಂಡ ಹಾಗಾಯಿತು. ನಮ್ಮ ರೇಷ್ಮೆ ಇಲಾಖೆಯವರೂ ಅಂಥದ್ದರಲ್ಲೇ ತಾಯಿ ಚಿಟ್ಟೆಯನ್ನು ಅರೆದು, ಮೊಟ್ಟೆಗಿಳಿಯುವ ಗಂಟುರೋಗ ಇದೆಯೋ ಎಂದು ನೋಡುತ್ತಿದ್ದರು.

"ನಿಮ್ಮಕ್ಕನಲ್ಲಿ ನನಗೆ ಕಾಣುವ ಹಾಗೆ ಯಾವ ತೊಂದರೆಯೂ ಇಲ್ಲ," ಎಂದರು. "ಅವರ ಯಜಮಾನರನ್ನು ಕಳಿಸಿ. ಅವರನ್ನೂ ಪರೀಕ್ಷೆ ಮಾಡಬೇಕು."

"ನಮ್ಮಲ್ಲಿ ತಾಯಿ ಚಿಟ್ಟೆ ನೋಡಿದರೆ ಸಾಕು ಅಮ್ಮ," ಎಂದೆ, ದೊಡ್ಡ ವಿದ್ವಾಂಸನ ಹಾಗೆ.

"ಅದು ತಾಯಿಯಿಂದ ಬರುವ ರೋಗ, ಅದಕ್ಕೆ. ನಿಮ್ಮ ಬಾವ ಹುಳುವೇನು? ಹುಳದಲ್ಲಾದರೂ ಗಂಡಿಲ್ಲದೆ ಮೊಟ್ಟೆ ಒಡೆಯುತ್ತದೆಯೋ?"

ಬೀದಿಯಲ್ಲಿ ನಾನು ದಿನವೂ ಕೂಗುವ ಮಾತನ್ನೇ ಅವರು ಮೆಲ್ಲಗೆ ಹೇಳಿದರು. ನನಗೆ ಕಿವಿ ಬಿಸಿಯಾಯಿತು. ಏನು ಪರೀಕ್ಷೆ, ಅದಕ್ಕೆ ಬಾವ ಏನು ಕೊಡಬೇಕು ಎಂಬುದನ್ನೂ ಬಿಡಿಸಿ ಹೇಳಿದರು. ನಾನು ಕಿಟಕಿಯಾಚೆಗಿದ್ದ ಬೇವಿನ ಮರವನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ವಾಪಸು ಬರುತ್ತ ಗಾಡಿಯಲ್ಲಿ ಅಕ್ಕ ಅಂದಳು: "ನಾನು ಹೇಳಿದ್ರೆ ಗಂಡನ ಮೇಲೆ ತಪ್ಪು ಹೊರಿಸ್ತಾಳೆ ಅಂತಾರೆ. ನೀವು ಗಂಡಸರು ಗಂಡಸರು ಮಾತಾಡ್ಕೊಳ್ಳಿ. ನೀನು ಹೇಳ್ತೀಯ ಅಲ್ವೇನೋ?"

"ಇದೇನು ಮಹಾ, ಹೇಳ್ತೀನಿ ಬಿಡಕ್ಕ."

"ಅವರು ಬರಲ್ಲ ಅಂದ್ರೆ ಅದೂ ಗೊತ್ತಾಗಲಿ ಕಣೋ. ಆಮೇಲೆ ಅತ್ತೆ ಯಾರನ್ನಾದ್ರೂ ತರಲಿ."

ಮಾರನೆಯ ದಿನ ಬೆಳಿಗ್ಗೆ ಅಕ್ಕ ನಮ್ಮಿಬ್ಬರಿಗೂ ಕಾಫಿ ಇಟ್ಟು, ಸಕ್ಕರೆ ಸಿಗದ ಕಾಲದ ಬೆಲ್ಲದ ಕಾಫಿ, ನನ್ನ ಕಡೆ ಒಂದು ನೋಟ ಬೀರಿ, ಸೊಪ್ಪು ಕುಯ್ಯಲು ಹಿಪ್ಪುನೇರಳೆ ತೋಟಕ್ಕೆ ಹೋದಳು. ಅವಳ ಅತ್ತೆಯೂ ಮನೆಯಲ್ಲಿರಲಿಲ್ಲ. ನೆಪಕ್ಕೂ ಒಬ್ಬರಿರಲಿಲ್ಲ.

"ಏನಂದ್ರಯ್ಯಾ ಡಾಕ್ಟರಮ್ಮ?" ಎಂದರು ಬಾವ.

ನಾನು ಹುಳುವಿನ ಬೆಲೆ ಮಾತಾಡಿದೆ. ಸೊಪ್ಪಿನ ಬೆಲೆ ಮಾತಾಡಿದೆ. ಹಿಂದಿನ ವಾರ ಮಾಲೂರಿನಲ್ಲಿ ರೈಲು ತಡವಾದದ್ದನ್ನು ಹೇಳಿದೆ. ಬಾವ ಎಲ್ಲವನ್ನೂ ಕೇಳಿಸಿಕೊಂಡು ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ಅವರ ದನಿ ಸಣ್ಣಗಿತ್ತು.

"ಅಕ್ಕನಿಗೆ ಏನೂ ತೊಂದರೆ ಇಲ್ಲವಂತೆ ಬಾವ. ಅದು... ನಿಮ್ಮ ವಿಷಯಾನೇ ಒಂದು ಮಾತು ಅಂದ್ರು."

"ನನ್ನ ವಿಷಯಾನಾ? ಏನು? ಹೇಳಯ್ಯಾ."

ಬಾಯಿ ತೆರೆದೆ. ಅಕ್ಕನ ಗಂಡ, ಹಿರಿಯರು, ನನ್ನ ಮದುವೆಯಲ್ಲಿ ನಾನು ಕಾಲಿಗೆ ಬಿದ್ದವರು. ಅವರ ಮುಂದೆ ಆ ಮಾತು ಹಲ್ಲಿನ ಹಿಂದೆಯೇ ಕೂತುಬಿಟ್ಟಿತು. ಕಣ್ಣು ಕೆಳಗೆ ಹೋಯಿತು. ಅಲ್ಲಿ ನನ್ನ ಲೋಟ ಹೊಗೆಯಾಡುತ್ತಿತ್ತು.

"ಬಾವ ಕಾಫಿ ಬಿಡಬೇಕಂತೆ," ಎಂದೆ.

ಅವರು ತುಟಿಯ ಹತ್ತಿರ ಹೋಗಿದ್ದ ಲೋಟವನ್ನು ಕೆಳಗಿಟ್ಟರು. "ಅಷ್ಟೇನಾ?" ಎಂದರು. ಆ ಮುಖದಲ್ಲಿ ಬಂದ ನೆಮ್ಮದಿಯನ್ನು ನೀವು ನೋಡಬೇಕಿತ್ತು. ನಾನು ನೋಡಿಯೂ ಬಾಯಿ ಬಿಡಲಿಲ್ಲ. ಬಿಡಲಿಲ್ಲವೇನು, ಬಿಟ್ಟೆ: ಸುಳ್ಳು ಹೊರಬೀಳಬಾರದಲ್ಲ, "ಯಾರಿಗೂ ಹೇಳಬಾರದಂತೆ ಬಾವ, ಅಕ್ಕನಿಗೂ ಕೂಡ. ಹೇಳಿದ್ರೆ ಗುಣ ಬರಲ್ಲವಂತೆ" ಎಂದು ಇನ್ನೊಂದು ಮೊಳೆ ಹೊಡೆದೆ.

ಅಕ್ಕ ಸೊಪ್ಪಿನ ಹೊರೆ ಇಳಿಸಿ, ಆರಿಹೋದ ತುಂಬು ಲೋಟವನ್ನು ನೋಡಿದಳು. ನನ್ನನ್ನು ನೋಡಿ, ಹೇಳಿದೆಯಾ ಎಂದು ಹುಬ್ಬಿನಲ್ಲಿ ಕೇಳಿದಳು. ನಾನು ಹೇಳಿದೆನೆಂದು ತಲೆಯಾಡಿಸಿದೆ.

ಅಂದಿನಿಂದ ಬಾವ ಕಾಫಿ ಮುಟ್ಟಲಿಲ್ಲ. ಆಸ್ಪತ್ರೆಗೂ ಹೋಗಲಿಲ್ಲ, ಹೋಗಬೇಕೆಂದು ಅವರಿಗೆ ಗೊತ್ತಿದ್ದರೆ ತಾನೆ? ಒಂದೆರಡು ಬೇಸಿಗೆ ಕಳೆದವು. ಅವರ ತಾಯಿಯ ತೆಲುಗು ಗೆದ್ದಿತು. ಶ್ರೀನಿವಾಸಪುರದಿಂದ ಮುನಿಯಮ್ಮ ಬಂದಳು, ನಮ್ಮ ಅಕ್ಕನಿಗಿಂತ ಬಹಳ ಚಿಕ್ಕವಳು. ಆ ಮದುವೆಗೆ ನಾನೂ ಹೋಗಿದ್ದೆ. ಹೋಗಿ ಊಟವನ್ನೂ ಮಾಡಿದೆ. ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಮುನಿಯಮ್ಮನಿಗೂ ಮಕ್ಕಳಾಗಲಿಲ್ಲ. ಮುದುಕಿಯ ತೆಲುಗಿಗೆ ಇನ್ನೊಂದು ಜೊತೆ ಕಿವಿ ಸಿಕ್ಕಿತು, ಅಷ್ಟೆ.

ಒಮ್ಮೆ ಕೋಲಾರದ ಪೇಟೆಯಲ್ಲಿ ಡಾಕ್ಟರಮ್ಮ ಎದುರಾದರು. ಹಾಳೆಗಳ ಕಟ್ಟನ್ನು ಮುಖಕ್ಕೆ ಅಡ್ಡ ಹಿಡಿದೆ, ಗುರುತು ಹಿಡಿದುಬಿಟ್ಟರು.

"ನಿಮ್ಮ ಬಾವ ಬರಲೇ ಇಲ್ಲವಲ್ಲ?"

"ಊರಲ್ಲಿಲ್ಲ ಅಮ್ಮ."

ಅವರು ನಕ್ಕುಬಿಟ್ಟರು. ಸಂತೋಷದ ನಗುವಲ್ಲ. "ನಾನು ನೋಡಿದ ಹೆಂಗಸರ ಅಣ್ಣಂದಿರು, ತಮ್ಮಂದಿರು, ಅಪ್ಪಂದಿರು ಎಲ್ಲರೂ ಇದನ್ನೇ ಹೇಳುತ್ತಾರೆ. ಈ ಜಿಲ್ಲೆಯ ಗಂಡಂದಿರು ಯಾರೂ ಊರಲ್ಲೇ ಇಲ್ಲವಂತೆ. ಮತ್ತೆ ಹೊಲ ಉಳುವವರು ಯಾರಪ್ಪ? ಅರ್ಧ ಜನರನ್ನು ನೋಡದೆ ನಾನು ಏನೆಂದು ಬರೆಯಲಿ? ಹೆಂಗಸರದೇ ತಪ್ಪು ಅಂತಲೇ?" ಸ್ವಲ್ಪ ದಿನದಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ಏನಾದರೂ ಬರೆದರೋ, ಅರ್ಧಕ್ಕೇ ಬಿಟ್ಟರೋ ನನಗೆ ತಿಳಿಯದು.

ಬಾವನಲ್ಲಿ ನಿಜವಾಗಿ ತೊಂದರೆ ಇತ್ತೇ? ಇಂದಿಗೂ ಗೊತ್ತಿಲ್ಲ. ಇದ್ದಿದ್ದರೆ ವಾಸಿಯಾಗುವಂಥದ್ದೋ ಅಲ್ಲವೋ, ಅದೂ ಗೊತ್ತಿಲ್ಲ. ಗೊತ್ತಾಗುವ ದಾರಿಯಲ್ಲಿ ನಾನು ಕಾಫಿ ಚೆಲ್ಲಿ ಬಂದಿದ್ದೆ.

ಇಷ್ಟು ನನಗೆ ತಿಳಿದಿದ್ದ ಕತೆ. ಮಿಕ್ಕದ್ದು ಕಳೆದ ವಾರ ಆ ಜಗಲಿಯಲ್ಲಿ ತಿಳಿಯಿತು. ಅಕ್ಕ ನನಗೆ ಕಾಫಿ ತಂದಿಟ್ಟು, ಆ ತುದಿಗೆ ಸರಿದು ಕೂತಿದ್ದ ಬಾವನನ್ನು ನೋಡಿ ಮೆಲ್ಲಗೆ ಅಂದಳು: "ಇನ್ನೂ ಕೋಪ ಇಳಿದಿಲ್ಲ ನೋಡೋ."

"ಏನು ಕೋಪ ಅಕ್ಕ?"

"ಅವತ್ತು ನೀನು ಆಸ್ಪತ್ರೆಗೆ ಬನ್ನಿ ಅಂದ್ಯಲ್ಲ, ಅದಕ್ಕೆ. ನಾನೇ ಹೇಳ್ಕೊಟ್ಟು ಕಳಿಸಿದೆ ಅಂತ ನನ್ನ ಕೈ ಕಾಫೀನೇ ಬಿಟ್ಟುಬಿಟ್ರು. ಬರಲ್ಲ ಅಂತ ಬಾಯಲ್ಲಿ ಅಂದಿದ್ರೆ ಇಷ್ಟು ನೋಯ್ತಿರಲಿಲ್ಲ ಕಣೋ. ದಿನಾ ಬೆಳಿಗ್ಗೆ ಲೋಟ ಇಟ್ಟು, ದಿನಾ ವಾಪಸು ತಗೊಂಡು ಹೋಗ್ತಿದ್ದೆ. ಆಮೇಲೆ ಇಡೋದೇ ಬಿಟ್ಟೆ."

ಒಂದು ಮನೆಗೆ ನಾನು ಮಾಡಿದ್ದು ಎಷ್ಟು ಎಂದು ಆಗ ತಿಳಿಯಿತು. ಹೇಳಿದೆ. ಬೀದಿಯಲ್ಲಿ ಕೂಗುವ ಬಾಯಿ ಅಂದು ಹೇಗೆ ಮುಚ್ಚಿತು, ಕಾಫಿ ಹೇಗೆ ಹೊರಬಂತು, ಎಲ್ಲ ಹೇಳಿದೆ. ಅಕ್ಕ ನನ್ನನ್ನು ಬೈಯಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಮುನಿಯಮ್ಮ, ಅವಳ ತಲೆಯೂ ಈಗ ನೆರೆತಿದೆ, ನಕ್ಕಳು. "ನಮ್ಮಪ್ಪನಿಗಾದ್ರೂ ಒಂದು ಮಾತು ಹೇಳಬಾರದಿತ್ತೇನಣ್ಣಾ? ನಾನು ಬೇರೆ ಯಾವ ಊರಲ್ಲಾದ್ರೂ ಇರ್ತಿದ್ನೇನೋ."

ಅಕ್ಕ ಒಳಗೆ ಹೋದಳು. ಇನ್ನೊಂದು ಲೋಟ ಹಿಡಿದು ಬಂದು, ಆ ತುದಿಯಲ್ಲಿ ಬಾವನ ಪಕ್ಕ ಇಟ್ಟಳು.

"ಡಾಕ್ಟರಮ್ಮ ಕಾಫಿ ಬಿಡಿ ಅಂದೇ ಇರ್ಲಿಲ್ವಂತೆ," ಎಂದಳು.

ಬಾವ ನನ್ನ ಕಡೆ ತಿರುಗಿದರು. "ಮತ್ತೆ ಏನಂದಿದ್ರಯ್ಯಾ?"

ಅದೇ ಪ್ರಶ್ನೆ. ಈ ಸಲ ಬೇವಿನ ಮರವನ್ನೂ ನೋಡಲಿಲ್ಲ, ಲೋಟವನ್ನೂ ನೋಡಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಯಾರಿಗೂ ಏನೂ ಆಗಲಿಲ್ಲ. ಸೂರು ಕಳಚಿ ಬೀಳಲಿಲ್ಲ.

"ಅಷ್ಟೇನಾ?" ಎಂದರು ಬಾವ. "ಬರ್ತಿದ್ನಲ್ಲೋ."

ಆಮೇಲೆ ಅಕ್ಕನ ಕಡೆ ನೋಡಿದರು. "ಕೋಪ ಅಂತ ತಿಳ್ಕೊಂಡಿದ್ಯೇನೇ? ನಿನಗೋಸ್ಕರ ಬಿಟ್ಟಿದ್ದೆ ಕಣೇ."

ಅಕ್ಕ ಅವರ ಪಕ್ಕದಲ್ಲೇ ಜಗಲಿಯ ಮೇಲೆ ಕೂತಳು. ಗಂಡನ ಸಮಕ್ಕೆ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಬಾವ ಲೋಟ ಎತ್ತಿ, ಮೊದಲು ವಾಸನೆ ನೋಡಿ, ಒಂದು ಗುಟುಕು ಕುಡಿದರು. ಮುನಿಯಮ್ಮ ಒಳಗಿಂದ, "ಸಕ್ಕರೆ ಸಾಕಾ?" ಎಂದು ಕೂಗಿದಳು. ಅವರು ಕುಡಿಯುತ್ತಿದ್ದರು.

ಈ ತುದಿಯಲ್ಲಿ ನನ್ನ ಲೋಟದ ಕಾಫಿ ಆರಿ, ಮೇಲೆ ಕೆನೆ ಕಟ್ಟಿತ್ತು. ಬಿಸಿ ಮಾಡಿಕೊಡಲೇ ಎಂದು ಯಾರೂ ಕೇಳಲಿಲ್ಲ. ಹಾಗೆಯೇ ಎತ್ತಿ ಕುಡಿದೆ.